ಸಬ್‌ಸ್ಟೇಷನ್ ನಿರ್ವಹಣೆ ಮತ್ತು ಟೆಸ್ಟಿಂಗ್: ಲೈನ್ ಕ್ಲಿಯರ್‌ನಿಂದ ಮತ್ತೆ ಚಾರ್ಜ್ ಮಾಡುವವರೆಗೆ

ಸಬ್‌ಸ್ಟೇಷನ್ ಕೆಲಸಕ್ಕೆ ಹೊಸದಾಗಿ ಸೇರಿದವರು, ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗ ನೋಡಿಕೊಳ್ಳುವವರು, ಕೊನೆಯ ವರ್ಷದ ವಿದ್ಯಾರ್ಥಿಗಳು, ಎಲ್ಲರೂ ಮತ್ತೆ ಮತ್ತೆ ಕೇಳುವುದು ಇದನ್ನೇ: "ಮೆಗ್ಗರ್ ರೀಡಿಂಗ್ ಎಷ್ಟು ಬಂದರೆ ಪಾಸ್? ಎಣ್ಣೆಯ ಬಿಡಿವಿ ಎಷ್ಟಿದ್ದರೆ ಸಾಕು?" ಮೆಗ್ಗರ್ ಅಂದರೆ ಇನ್ಸುಲೇಷನ್ ರೆಸಿಸ್ಟೆನ್ಸ್ ಅಳೆಯುವ ಮೀಟರ್, ಬಿಡಿವಿ ಅಂದರೆ ಎಣ್ಣೆ ಎಷ್ಟು ವೋಲ್ಟೇಜ್ ತಡೆಯುತ್ತದೆ ಎಂಬ ಅಳತೆ. ಪ್ರಶ್ನೆ ತಪ್ಪಲ್ಲ. ಆದರೆ ಪಾಸ್ ಆಯಿತಾ, ಫೇಲ್ ಆಯಿತಾ ಅಂತ ಮಾತ್ರ ನೋಡಿದರೆ ಟೆಸ್ಟಿಂಗ್‌ನ ಅರ್ಧಕ್ಕಿಂತ ಜಾಸ್ತಿ ಪ್ರಯೋಜನ ಕೈತಪ್ಪಿ ಹೋಗುತ್ತದೆ.

ಒಂದು ಟ್ರಾನ್ಸ್‌ಫಾರ್ಮರ್‌ನ ಇನ್ಸುಲೇಷನ್ ಮೂರು ವರ್ಷದಲ್ಲಿ 4000, 1900, 900 ಮೆಗಾಓಮ್ ತೋರಿಸಿತು ಅಂದುಕೊಳ್ಳಿ. ಮೂರೂ ವರ್ಷ ರಿಪೋರ್ಟ್‌ನಲ್ಲಿ 'ಸರಿಯಿದೆ' ಎಂದೇ ಬರೆದಿರುತ್ತಾರೆ. ಮೂರು ಹಾಳೆಗಳನ್ನು ಪಕ್ಕಪಕ್ಕ ಇಟ್ಟವರಿಗೆ ಮಾತ್ರ ಅದು ವರ್ಷಕ್ಕೆ ಅರ್ಧದಷ್ಟು ಇಳಿಯುತ್ತಿದೆ ಎಂದು ಕಾಣುತ್ತದೆ. ಹಾಗಾಗಿ ಪ್ರತಿ ರೀಡಿಂಗನ್ನೂ ಹೋದ ಸಲದ ರೀಡಿಂಗ್ ಜೊತೆ, ಪಕ್ಕದ ಫೇಸ್ ಜೊತೆ, ಆ ಹೊತ್ತಿನ ಉಷ್ಣಾಂಶದ ಜೊತೆ ಇಟ್ಟು ಓದಬೇಕು. ಮುಂದಿನ ಎಲ್ಲ ಹಂತಗಳಿಗೂ ಈ ಮಾತು ಅನ್ವಯಿಸುತ್ತದೆ.

ಶುರು ಮಾಡುವ ಮೊದಲು ಏನು ಬೇಕು

ಮೊದಲು ಬೇಕಾಗುವುದು ಕಾಗದ. ಈಗಿನ ಜೋಡಣೆಗೆ ಸರಿಹೊಂದುವ ಸಿಂಗಲ್ ಲೈನ್ ನಕ್ಷೆ, ಕಾರ್ಖಾನೆಯ ಟೆಸ್ಟ್ ರಿಪೋರ್ಟ್, ಮೊದಲ ಸಲ ಚಾರ್ಜ್ ಮಾಡುವಾಗಿನ ರಿಪೋರ್ಟ್, ಹೋದ ಸಲದ ರಿಪೋರ್ಟ್, ರಿಲೇ (ಫಾಲ್ಟ್, ಅಂದರೆ ಶಾರ್ಟ್ ಸರ್ಕ್ಯೂಟ್‌ನಂಥ ದೋಷ, ಗುರುತಿಸಿ ಕರೆಂಟ್ ಕತ್ತರಿಸುವ ಬ್ರೇಕರ್‌ಗೆ ಆದೇಶ ಕೊಡುವ ಸಾಧನ) ಸೆಟ್ಟಿಂಗ್ ಹಾಳೆ. ಇವು ಕೈಯಲ್ಲಿಲ್ಲದೆ ಔಟೇಜ್ ತೆಗೆದುಕೊಳ್ಳಬೇಡಿ. ಔಟೇಜ್ ಅಂದರೆ ಕೆಲಸಕ್ಕಾಗಿ ಉಪಕರಣವನ್ನು ಸೇವೆಯಿಂದ ಹೊರಗಿಡುವ ಸಮಯ. ಆ ನಾಲ್ಕಾರು ಗಂಟೆಯಲ್ಲಿ ಹಳೇ ಫೈಲ್ ಹುಡುಕುತ್ತಾ ಕೂರಲು ಆಗುವುದಿಲ್ಲ.

ಮೀಟರ್‌ಗಳ ಪೈಕಿ 5 ಕಿಲೊವೋಲ್ಟ್ ಮೆಗ್ಗರ್, ವೈಂಡಿಂಗ್ ರೆಸಿಸ್ಟೆನ್ಸ್ ಮೀಟರ್, ಟರ್ನ್ಸ್ ರೇಶಿಯೋ ಮೀಟರ್, ಟ್ಯಾನ್ ಡೆಲ್ಟಾ ಕಿಟ್, 100 ಆಂಪಿಯರ್‌ನ ಕಾಂಟ್ಯಾಕ್ಟ್ ರೆಸಿಸ್ಟೆನ್ಸ್ ಮೀಟರ್, ಬ್ರೇಕರ್ ಅನಲೈಸರ್, ರಿಲೇ ಟೆಸ್ಟ್ ಕಿಟ್, ಅರ್ಥ್ ಟೆಸ್ಟರ್, ಥರ್ಮಲ್ ಕ್ಯಾಮೆರಾ ಬೇಕು. ಎಲ್ಲದರ ಕ್ಯಾಲಿಬ್ರೇಷನ್ ಅವಧಿ ನೋಡಿಕೊಳ್ಳಿ. ಸುರಕ್ಷತೆಗೆ ಆ ವೋಲ್ಟೇಜ್‌ಗೆ ತಕ್ಕ ಡಿಟೆಕ್ಟರ್, ಡಿಸ್ಚಾರ್ಜ್ ರಾಡ್, ಫಾಲ್ಟ್ ಕರೆಂಟ್ ತಡೆಯಬಲ್ಲ ದಪ್ಪದ ಅರ್ಥಿಂಗ್ ಲೀಡ್‌ಗಳು, ಬೀಗ, ಟ್ಯಾಗ್, ಹೆಲ್ಮೆಟ್, ಆರ್ಕ್ ತಡೆಯುವ ಬಟ್ಟೆ. ಈ ಎರಡನೇ ಪಟ್ಟಿಯಲ್ಲಿ ಒಂದೇ ಒಂದು ಕಡಿಮೆಯಿದ್ದರೂ ಕೆಲಸ ಮುಂದೂಡಿ.

ಎಷ್ಟು ದಿನಕ್ಕೊಮ್ಮೆ ಮಾಡಬೇಕು? ಕಣ್ಣಿನ ತಪಾಸಣೆ ದಿನಾಲೂ. ಬ್ಯಾಟರಿ ಸೆಲ್‌ಗಳ ಅಳತೆ ತಿಂಗಳಿಗೊಮ್ಮೆ. ಎಣ್ಣೆ, ಇನ್ಸುಲೇಷನ್, ಅರ್ಥಿಂಗ್ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಬ್ರೇಕರ್ ಟೈಮಿಂಗ್, ರಿಲೇ ಟೆಸ್ಟ್‌ಗಳು ಉಪಕರಣದ ವಯಸ್ಸು ಮತ್ತು ಮಹತ್ವ ನೋಡಿಕೊಂಡು ಒಂದರಿಂದ ಐದು ವರ್ಷಕ್ಕೊಮ್ಮೆ. ತಯಾರಕರ ಕೈಪಿಡಿಯಲ್ಲಿ ಬೇರೆ ಹೇಳಿದ್ದರೆ ಅದೇ ಅಂತಿಮ.

ಹಂತ 1: ಚಾಲೂ ಇರುವಾಗಲೇ ನೋಡಬೇಕಾದದ್ದು

ಹೆಚ್ಚಿನ ದೋಷಗಳು ಔಟೇಜ್‌ಗೆ ಮೊದಲೇ ಸುಳಿವು ಕೊಡುತ್ತವೆ. ಯಾರ್ಡ್‌ನಲ್ಲಿ ಸುತ್ತು ಹಾಕುವುದನ್ನು ಸುಮ್ನೆ ಲಾಗ್ ಶೀಟ್ ತುಂಬುವ ಕೆಲಸ ಮಾಡಿಕೊಳ್ಳಬೇಡಿ.

ಟ್ರಾನ್ಸ್‌ಫಾರ್ಮರ್‌ನ ಬ್ರೀದರ್ ಹತ್ತಿರ ಒಂದು ನಿಮಿಷ ನಿಲ್ಲಿ. ಬ್ರೀದರ್ ಅಂದರೆ ಟ್ರಾನ್ಸ್‌ಫಾರ್ಮರ್ ಉಸಿರಾಡುವ ಗಾಳಿಯ ತೇವ ಹೀರುವ, ಸಿಲಿಕಾ ಜೆಲ್ ತುಂಬಿದ ಡಬ್ಬಿ. ನೀಲಿ ಜೆಲ್ ತೇವ ಹೀರಿದಾಗ ಗುಲಾಬಿ ಆಗುತ್ತದೆ. ಕಿತ್ತಳೆ ಬಣ್ಣದ ಜೆಲ್ ಹಸಿರಾಗುತ್ತದೆ ಅಥವಾ ಬಣ್ಣ ಕಳೆದುಕೊಳ್ಳುತ್ತದೆ. ಇದು ಎಲ್ಲರಿಗೂ ಗೊತ್ತು. ಬಣ್ಣ ಎಲ್ಲಿಂದ ಬದಲಾಗುತ್ತಿದೆ ಅಂತ ನೋಡುವವರು ಮಾತ್ರ ಕಡಿಮೆ. ಗಾಳಿ ಕೆಳಗಿನ ಎಣ್ಣೆ ಬಟ್ಟಲಿನ ಮೂಲಕ ಒಳಗೆ ಬರುತ್ತದೆ, ಆದ್ದರಿಂದ ಕೆಳಗಿನಿಂದ ಮೇಲಕ್ಕೆ ಬಣ್ಣ ಬದಲಾಗುವುದು ಸಹಜ. ಮೇಲಿನ ಜೆಲ್ ಮೊದಲು ಗುಲಾಬಿ ಆಗಿದ್ದರೆ ತೇವದ ಗಾಳಿ ಮೇಲಿನ ಪೈಪ್ ಅಥವಾ ಗ್ಯಾಸ್ಕೆಟ್ ಸಂದಿಯಿಂದ ನುಗ್ಗುತ್ತಿದೆ ಎಂದರ್ಥ. ಆಗ ಬರೀ ಜೆಲ್ ಬದಲಿಸಿದರೆ ಸಾಲದು, ಸೋರಿಕೆ ಹುಡುಕಬೇಕು. ಬಟ್ಟಲಿನಲ್ಲಿ ಎಣ್ಣೆ ಗುರುತಿನವರೆಗೆ ಇದೆಯಾ ಅಂತಲೂ ನೋಡಿ. ಅದು ಖಾಲಿಯಿದ್ದರೆ ಜೆಲ್ ಬೇಗ ಮುಗಿಯುತ್ತದೆ.

ಎಣ್ಣೆಯ ಉಷ್ಣಾಂಶವನ್ನು ಹೊರಗಿನ ಉಷ್ಣಾಂಶ ಮತ್ತು ಲೋಡ್ ಜೊತೆಗೇ ಬರೆದುಕೊಳ್ಳಿ. ಅದೇ ಲೋಡ್, ಅದೇ ಹವೆ, ಆದರೂ ಎಣ್ಣೆ ಮೊದಲಿಗಿಂತ ಎಂಟು ಹತ್ತು ಡಿಗ್ರಿ ಬಿಸಿ. ಹೀಗಾದರೆ ರೇಡಿಯೇಟರ್ ವಾಲ್ವ್ ಮುಚ್ಚಿರಬಹುದು, ಫ್ಯಾನ್ ಉಲ್ಟಾ ತಿರುಗುತ್ತಿರಬಹುದು. ರೇಡಿಯೇಟರ್‌ಗಳ ಮೇಲೆ ಥರ್ಮಲ್ ಕ್ಯಾಮೆರಾ ಹಾಯಿಸಿದರೆ ತಣ್ಣಗಿರುವುದು ಯಾವುದು ಅಂತ ತಕ್ಷಣ ಕಾಣುತ್ತದೆ.

ಎಸ್‌ಎಫ್6 (ಬ್ರೇಕರ್ ಒಳಗೆ ಆರ್ಕ್ ಆರಿಸುವ ಅನಿಲ) ಒತ್ತಡ, ಬ್ರೇಕರ್ ಸ್ಪ್ರಿಂಗ್ ಚಾರ್ಜ್ ಆಗಿದೆಯೇ, ಲೈಟ್ನಿಂಗ್ ಅರೆಸ್ಟರ್ (ಸಿಡಿಲಿನ ವೋಲ್ಟೇಜನ್ನು ನೆಲಕ್ಕೆ ಇಳಿಸುವ ಸಾಧನ) ಕೌಂಟರ್, ಎಣ್ಣೆ ಮಟ್ಟ, ಪಿಂಗಾಣಿಯ ಬಿರುಕು, ಕೇಬಲ್ ಟ್ರೆಂಚ್‌ನ ತೂತುಗಳು, ಇವೆಲ್ಲ ನಿತ್ಯದ ಪಟ್ಟಿಯಲ್ಲಿರಲಿ. ರಿಲೇ ಫ್ಲ್ಯಾಗ್ (ರಿಲೇ ಕೆಲಸ ಮಾಡಿದ ಗುರುತು) ಬಿದ್ದಿದ್ದರೆ ಬರೆದುಕೊಳ್ಳದೆ ರೀಸೆಟ್ ಮಾಡಬೇಡಿ. ರೀಸೆಟ್ ಮಾಡಿದ ಮೇಲೆ ಆ ಸಾಕ್ಷಿ ಮತ್ತೆ ಸಿಗುವುದಿಲ್ಲ.

ಥರ್ಮಲ್ ಕ್ಯಾಮೆರಾದಲ್ಲಿ ಜನ ಎರಡು ಕಡೆ ಎಡವುತ್ತಾರೆ. ಒಂದು, ಕಡಿಮೆ ಲೋಡ್‌ನಲ್ಲಿ ನೋಡುವುದು. ಜಾಯಿಂಟ್‌ನ ಬಿಸಿ ಕರೆಂಟ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅರ್ಧ ಲೋಡ್‌ನಲ್ಲಿ ಹುಟ್ಟುವ ಶಾಖ ಪೂರ್ತಿ ಲೋಡ್‌ನ ಕಾಲು ಭಾಗ ಮಾತ್ರ. ಕನಿಷ್ಠ 40 ಶೇಕಡಾ ಲೋಡ್ ಇರುವಾಗ ನೋಡಿ. ಎರಡು, ಹೊಳೆಯುವ ಅಲ್ಯೂಮಿನಿಯಂ. ಅದು ತನ್ನ ಶಾಖವನ್ನು ಕಡಿಮೆ ಹೊರಸೂಸುತ್ತದೆ, ಆದ್ದರಿಂದ ಕ್ಯಾಮೆರಾದಲ್ಲಿ ಇರುವುದಕ್ಕಿಂತ ತಣ್ಣಗೆ ಕಾಣುತ್ತದೆ. ಅದಕ್ಕೇ ಒಂದೇ ಅಂಕಿಯನ್ನು ನಂಬದೆ ಮೂರು ಫೇಸ್‌ಗಳನ್ನು ಹೋಲಿಸಿ. ಒಂದೇ ರೀತಿಯ ಲೋಡ್ ಇರುವ ಒಂದೇ ರೀತಿಯ ಜಾಯಿಂಟ್‌ಗಳ ನಡುವೆ 15 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮುಂದಿನ ವಾರ್ಷಿಕ ಔಟೇಜ್‌ವರೆಗೆ ಕಾಯಬೇಡಿ.

ಹಂತ 2: ಬ್ಯಾಟರಿ

ಸಬ್‌ಸ್ಟೇಷನ್‌ನಲ್ಲಿ ಅತಿ ಹೆಚ್ಚು ಅಸಡ್ಡೆಗೆ ಒಳಗಾಗುವುದು ಬ್ಯಾಟರಿ ಕೋಣೆ. ಫಾಲ್ಟ್ ಆದಾಗ ರಿಲೇ ಕೆಲಸ ಮಾಡುವುದು, ಬ್ರೇಕರ್‌ನ ಟ್ರಿಪ್ ಕಾಯಿಲ್ (ಬ್ರೇಕರ್ ತೆರೆಯಿಸುವ ಸುರುಳಿ) ಎಳೆಯುವುದು ಎರಡೂ ಡಿಸಿಯಿಂದ. ಬ್ಯಾಟರಿ ಸತ್ತಿದ್ದರೆ ಎಷ್ಟೇ ಒಳ್ಳೆಯ ರಿಲೇ ಇದ್ದರೂ ಫಾಲ್ಟ್ ಕತ್ತರಿಸಲು ಆಗುವುದಿಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುವವರೆಗೂ ಕರೆಂಟ್ ಹರಿಯುತ್ತದೆ.

ಪ್ಯಾನೆಲ್‌ನ ವೋಲ್ಟ್‌ಮೀಟರ್ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಅದು ತೋರಿಸುವುದು ಚಾರ್ಜರ್‌ನ ವೋಲ್ಟೇಜ್. ಒಂದೊಂದೇ ಸೆಲ್ ಅಳೆಯಿರಿ. ಫ್ಲೋಟ್‌ನಲ್ಲಿ, ಅಂದರೆ ಸದಾ ಅಲ್ಪ ಚಾರ್ಜ್ ಹೋಗುತ್ತಿರುವ ಸ್ಥಿತಿಯಲ್ಲಿ, ನೀರು ಹಾಕುವ ಲೆಡ್ ಆಸಿಡ್ ಸೆಲ್ ಸಾಮಾನ್ಯವಾಗಿ 2.15 ರಿಂದ 2.25 ವೋಲ್ಟ್ ಇರುತ್ತದೆ. 110 ವೋಲ್ಟ್ ಬ್ಯಾಂಕ್‌ನಲ್ಲಿ 55 ಸೆಲ್‌ಗಳಿದ್ದು, ಅವುಗಳ ಪೈಕಿ ಎರಡು ಮೂರು ಸೆಲ್ ಕೆಟ್ಟಿದ್ದರೂ ಒಟ್ಟು ವೋಲ್ಟೇಜ್‌ನಲ್ಲಿ ಅದು ಕಾಣುವುದೇ ಇಲ್ಲ. ಆಸಿಡ್‌ನ ಸಾಂದ್ರತೆ ಅಳೆದಾಗ ಉಷ್ಣಾಂಶವನ್ನೂ ಬರೆಯಿರಿ.

ನಿಜವಾದ ಪರೀಕ್ಷೆ ಡಿಸ್ಚಾರ್ಜ್ ಟೆಸ್ಟ್. ಲೋಡ್ ಬ್ಯಾಂಕ್ ಹಾಕಿ, ತಯಾರಕರು ಹೇಳಿದ ಕೊನೆಯ ವೋಲ್ಟೇಜ್ ಮುಟ್ಟುವವರೆಗೆ ಕರೆಂಟ್ ಎಳೆಯಬೇಕು. ಸಾಮರ್ಥ್ಯ 80 ಶೇಕಡಾಕ್ಕಿಂತ ಕೆಳಗಿಳಿದಿದ್ದರೆ ಬ್ಯಾಂಕ್ ಬದಲಿಸುವ ಕಾಲ ಬಂದಿದೆ. ಈ ಟೆಸ್ಟ್ ಮಾಡುವಾಗ ಇನ್ನೊಂದು ಬ್ಯಾಂಕ್ ಡಿಸಿ ಕೊಡುತ್ತಿರಬೇಕು. ಕೋಣೆಯ ಎಕ್ಸಾಸ್ಟ್ ಫ್ಯಾನ್ ಓಡುತ್ತಿರಲಿ. ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್‌ಗೆ ಒಂದು ಕಿಡಿ ಸಾಕು.

ಡಿಸಿ ಅರ್ಥ್ ಫಾಲ್ಟ್ ಅಲಾರಂ ಬಂದರೆ 'ಇನ್ನೂ ಏನೂ ಟ್ರಿಪ್ ಆಗಿಲ್ಲವಲ್ಲ' ಅಂತ ಬಿಡುವವರಿದ್ದಾರೆ. ಒಂದು ಕಡೆ ನೆಲಕ್ಕೆ ತಾಗಿದ್ದರೆ ಏನೂ ಆಗದಿರಬಹುದು. ಎರಡನೇ ಕಡೆಯೂ ತಾಗಿದ ಗಳಿಗೆಯಲ್ಲಿ ಬ್ರೇಕರ್ ತಾನಾಗಿ ಟ್ರಿಪ್ ಆಗಬಹುದು. ಅಥವಾ ಟ್ರಿಪ್ ಆಗಬೇಕಾದಾಗ ಆಗದೆಯೇ ಉಳಿಯಬಹುದು. ಮೊದಲ ಅಲಾರಂನಲ್ಲೇ ಹುಡುಕಿ.

ಹಂತ 3: ಲೈನ್ ಕ್ಲಿಯರ್ ಮತ್ತು ಅರ್ಥಿಂಗ್

ಲೈನ್ ಕ್ಲಿಯರ್ ಅಂದರೆ ಈ ಭಾಗ ಆಫ್ ಆಗಿದೆ, ಬೇರ್ಪಟ್ಟಿದೆ, ಅರ್ಥ್ ಆಗಿದೆ, ಕೆಲಸ ಮಾಡಬಹುದು ಎಂದು ಬರಹದಲ್ಲಿ ಕೊಡುವ ಅನುಮತಿ. ಫೋನ್‌ನಲ್ಲಿ "ಆಯ್ತು, ಹತ್ತಿ" ಅಂದರೆ ಅದು ಲೈನ್ ಕ್ಲಿಯರ್ ಅಲ್ಲ. ಕ್ರಮ ಹೀಗಿರಲಿ.

1. ಮೊದಲು ಬ್ರೇಕರ್ ಓಪನ್ ಮಾಡಿ. ಅದಕ್ಕೂ ಮುಂಚೆ, ಸೌಲಭ್ಯ ಇದ್ದರೆ, ಟ್ರಿಪ್ ಕಾಯಿಲ್ ಕರೆಂಟ್ ದಾಖಲಿಸಲು ಕ್ಲ್ಯಾಂಪ್ ಹಾಕಿಡಿ. ಕಾರಣ ಹಂತ 5ರಲ್ಲಿದೆ.

2. ಆಮೇಲೆ ಎರಡೂ ಕಡೆಯ ಐಸೋಲೇಟರ್ ತೆರೆಯಿರಿ. ಐಸೋಲೇಟರ್ ಅಂದರೆ ಉಪಕರಣವನ್ನು ಕಣ್ಣಿಗೆ ಕಾಣುವಂತೆ ಬೇರ್ಪಡಿಸುವ ಬ್ಲೇಡ್ ಸ್ವಿಚ್. ಐಸೋಲೇಟರ್‌ಗೆ ಲೋಡ್ ಕರೆಂಟ್ ಕತ್ತರಿಸುವ ಶಕ್ತಿ ಇಲ್ಲ. ಬ್ರೇಕರ್ ಮುಚ್ಚಿರುವಾಗ ಅದನ್ನು ಎಳೆದರೆ ಆರ್ಕ್ ಆರದೆ ಉಳಿಯುತ್ತದೆ, ಎಳೆದವರ ಪ್ರಾಣಕ್ಕೇ ಕುತ್ತು. ಮೂರು ಬ್ಲೇಡ್‌ಗಳೂ ಪೂರ್ತಿ ತೆರೆದಿವೆಯಾ ಅಂತ ಕಣ್ಣಾರೆ ನೋಡಿ. ಪ್ಯಾನೆಲ್ ಮೇಲಿನ ಸೂಚಕ ಸಾಲದು.

3. ಐಸೋಲೇಟರ್ ಹ್ಯಾಂಡಲ್‌ಗೆ ಬೀಗ ಹಾಕಿ, ಟ್ಯಾಗ್ ಕಟ್ಟಿ, ಮೋಟರ್ ಸಪ್ಲೈ ತೆಗೆಯಿರಿ. ಪಿಟಿಯ ಸೆಕೆಂಡರಿ ಫ್ಯೂಸ್ ಅಥವಾ ಎಂಸಿಬಿ ಕೂಡ ತೆಗೆಯಿರಿ. ಪಿಟಿ ಅಂದರೆ ಅಳತೆಗಾಗಿ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್. ಕೆಳಗಿನ ಕಡೆಯಿಂದ ಅದಕ್ಕೆ 110 ವೋಲ್ಟ್ ಸಿಕ್ಕಿದರೆ ಮೇಲಿನ ಕಡೆ ಪೂರ್ತಿ ಹೈ ವೋಲ್ಟೇಜ್ ಹುಟ್ಟುತ್ತದೆ. ಇದನ್ನು ಬ್ಯಾಕ್‌ಫೀಡ್ ಅನ್ನುತ್ತಾರೆ. ಸ್ಟೇಷನ್ ಟ್ರಾನ್ಸ್‌ಫಾರ್ಮರ್, ಜನರೇಟರ್‌ಗಳಿಂದಲೂ ಹೀಗೇ ಆಗಬಹುದು.

4. ವೋಲ್ಟೇಜ್ ಡಿಟೆಕ್ಟರ್‌ನಿಂದ ಪರೀಕ್ಷಿಸಿ. ಮೊದಲು ಚಾಲೂ ಇರುವ ಕಡೆ ಅಥವಾ ಅದರದೇ ಟೆಸ್ಟರ್ ಮೇಲೆ ಡಿಟೆಕ್ಟರ್ ಸರಿಯಿದೆಯಾ ನೋಡಿ, ನಂತರ ಮೂರು ಫೇಸ್ ಪರೀಕ್ಷಿಸಿ, ನಂತರ ಮತ್ತೆ ಡಿಟೆಕ್ಟರ್ ಪರೀಕ್ಷಿಸಿ. ನಡುವೆ ಬ್ಯಾಟರಿ ಸತ್ತ ಡಿಟೆಕ್ಟರ್ ಕೂಡ 'ವೋಲ್ಟೇಜ್ ಇಲ್ಲ' ಎಂದೇ ಹೇಳುತ್ತದೆ.

5. ಅರ್ಥ್ ಮಾಡಿ. ಲೀಡ್‌ನ ನೆಲದ ತುದಿಯನ್ನು ಮೊದಲು ಬಿಗಿಯಿರಿ, ಆಮೇಲೆ ಕಂಡಕ್ಟರ್ ತುದಿ. ತೆಗೆಯುವಾಗ ಉಲ್ಟಾ: ಕಂಡಕ್ಟರ್ ತುದಿ ಮೊದಲು. ಕೆಲಸ ಮಾಡುವ ಜಾಗದ ಎರಡೂ ಬದಿಗೆ ಅರ್ಥ್ ಇರಲಿ. ಪಕ್ಕದಲ್ಲಿ ಚಾಲೂ ಲೈನ್ ಓಡುತ್ತಿದ್ದರೆ ಆಫ್ ಆದ ಲೈನ್‌ನಲ್ಲೂ ಇಂಡಕ್ಷನ್‌ನಿಂದ ಅಪಾಯದಷ್ಟು ವೋಲ್ಟೇಜ್ ಇರುತ್ತದೆ.

6. ಕೆಲಸದ ಜಾಗವನ್ನು ಹಗ್ಗ ಕಟ್ಟಿ ಗುರುತಿಸಿ. ಪಕ್ಕದ ಚಾಲೂ ಬೇ (ಒಂದು ಲೈನ್ ಅಥವಾ ಟ್ರಾನ್ಸ್‌ಫಾರ್ಮರ್‌ಗೆ ಸೇರಿದ ಉಪಕರಣಗಳಿರುವ ಜಾಗ) ಯಾವುದು ಅಂತ ತಂಡದ ಪ್ರತಿಯೊಬ್ಬರಿಗೂ ಬೆರಳು ತೋರಿಸಿ ಹೇಳಿ. ಎಷ್ಟೋ ಅಪಘಾತಗಳು ಆಫ್ ಮಾಡಿದ ಬೇಯಲ್ಲಿ ಆಗುವುದಿಲ್ಲ, ತಪ್ಪಿ ಹತ್ತಿದ ಪಕ್ಕದ ಬೇಯಲ್ಲಿ ಆಗುತ್ತವೆ.

ಕೆಪಾಸಿಟರ್ ಬ್ಯಾಂಕ್ ಇದ್ದರೆ ಆಫ್ ಮಾಡಿ ಕನಿಷ್ಠ 10 ನಿಮಿಷ ಕಾಯಿರಿ. ಆಮೇಲೆ ಪ್ರತಿ ಯೂನಿಟನ್ನೂ ರಾಡ್‌ನಿಂದ ಶಾರ್ಟ್ ಮಾಡಿ. ಒಳಗಿನ ಡಿಸ್ಚಾರ್ಜ್ ರೆಸಿಸ್ಟರ್ ಕೆಟ್ಟಿರುವ ಸಾಧ್ಯತೆ ಯಾವಾಗಲೂ ಇದೆ.

ಟೆಸ್ಟ್‌ಗಾಗಿ ಅರ್ಥ್ ತೆಗೆಯಬೇಕಾಗಿ ಬಂದರೆ ಲೈನ್ ಕ್ಲಿಯರ್ ಪಡೆದವರ ಒಪ್ಪಿಗೆಯಿಂದಲೇ ತೆಗೆಯಿರಿ, ಬರೆದಿಡಿ, ಟೆಸ್ಟ್ ಮುಗಿದ ಕೂಡಲೇ ವಾಪಸ್ ಹಾಕಿ.

ಹಂತ 4: ಟ್ರಾನ್ಸ್‌ಫಾರ್ಮರ್

ಟೆಸ್ಟ್‌ಗಳ ಕ್ರಮಕ್ಕೂ ಬೆಲೆಯಿದೆ. ಎಣ್ಣೆ ಸ್ಯಾಂಪಲ್ ಮೊದಲು, ನಂತರ ಇನ್ಸುಲೇಷನ್, ಟ್ಯಾನ್ ಡೆಲ್ಟಾ, ರೇಶಿಯೋ. ವೈಂಡಿಂಗ್ ರೆಸಿಸ್ಟೆನ್ಸ್ ಕೊನೆಗೆ. ಅದರಲ್ಲಿ ಡಿಸಿ ಹಾಯಿಸುವುದರಿಂದ ಕೋರ್‌ನಲ್ಲಿ ಅಯಸ್ಕಾಂತತೆ ಉಳಿದು, ಆಮೇಲೆ ಮಾಡುವ ಎಕ್ಸೈಟೇಷನ್ ಕರೆಂಟ್‌ನಂಥ ಟೆಸ್ಟ್‌ಗಳು ತಪ್ಪು ತೋರಿಸುತ್ತವೆ.

*ಎಣ್ಣೆ.* ಬಿಡಿವಿ ಅಂದರೆ ಎಣ್ಣೆ ಎಷ್ಟು ವೋಲ್ಟೇಜ್‌ವರೆಗೆ ಕಿಡಿ ಹಾರದೆ ತಡೆಯುತ್ತದೆ ಎಂಬ ಅಳತೆ. ಐಇಸಿ 60156 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 2.5 ಮಿಲಿಮೀಟರ್ ಅಂತರದಲ್ಲಿ, ಸೆಕೆಂಡಿಗೆ 2 ಕಿಲೊವೋಲ್ಟ್‌ನಂತೆ ಏರಿಸುತ್ತಾ, ಆರು ಸಲ ಕಿಡಿ ಹಾರಿಸಿ ಸರಾಸರಿ ತೆಗೆಯುತ್ತಾರೆ. ಬಳಕೆಯಲ್ಲಿರುವ ಎಣ್ಣೆಗೆ ಐಇಸಿ 60422 ಹೇಳುವ ಮಿತಿ ಹೀಗಿದೆ: 72.5 ಕಿಲೊವೋಲ್ಟ್‌ವರೆಗಿನ ಟ್ರಾನ್ಸ್‌ಫಾರ್ಮರ್‌ಗೆ 40ಕ್ಕಿಂತ ಜಾಸ್ತಿ ಒಳ್ಳೆಯದು, 30ಕ್ಕಿಂತ ಕಡಿಮೆ ಕೆಟ್ಟದ್ದು. ಅದಕ್ಕೂ ಮೇಲೆ 170ರವರೆಗೆ 50ಕ್ಕಿಂತ ಜಾಸ್ತಿ ಒಳ್ಳೆಯದು, 40ಕ್ಕಿಂತ ಕಡಿಮೆ ಕೆಟ್ಟದ್ದು. ಎಲ್ಲವೂ ಕಿಲೊವೋಲ್ಟ್‌ನಲ್ಲಿ.

ಬಿಡಿವಿ ಕಡಿಮೆ ಬಂದಾಗ ಎಣ್ಣೆಯನ್ನು ದೂರುವ ಮುಂಚೆ ಬಾಟಲಿ ನೋಡಿ. ಸ್ವಲ್ಪ ತೇವ, ಒಂದು ಹತ್ತಿಯ ಎಳೆ ಸಾಕು, ರೀಡಿಂಗ್ ಅರ್ಧಕ್ಕೆ ಬೀಳಲು. ವಾಲ್ವ್ ಬಾಯಿ ಒರೆಸಿ, ಪೈಪ್‌ನಲ್ಲಿ ನಿಂತಿದ್ದ ಎಣ್ಣೆಯನ್ನು ಒಂದೆರಡು ಲೀಟರ್ ಬೇರೆ ಪಾತ್ರೆಗೆ ಬಿಟ್ಟು, ಬಾಟಲಿಯನ್ನು ಅದೇ ಎಣ್ಣೆಯಿಂದ ತೊಳೆದು ತುಂಬಿ. ಮಳೆ ಬರುವಾಗ ಸ್ಯಾಂಪಲ್ ತೆಗೆಯಬೇಡಿ.

ಡಿಜಿಎ ಇನ್ನೊಂದು ಟೆಸ್ಟ್. ಎಣ್ಣೆಯಲ್ಲಿ ಕರಗಿರುವ ಅನಿಲಗಳನ್ನು ಅಳೆಯುವುದು ಅದರ ಕೆಲಸ. ನನ್ನ ಮಟ್ಟಿಗೆ ಟ್ರಾನ್ಸ್‌ಫಾರ್ಮರ್ ಬಗ್ಗೆ ಇಷ್ಟು ಹೇಳುವ ಟೆಸ್ಟ್ ಇನ್ನೊಂದಿಲ್ಲ, ಅದೂ ಆಫ್ ಮಾಡದೆಯೇ. ಒಳಗೆ ಆರ್ಕ್ ಆಗುತ್ತಿದ್ದರೆ ಅಸಿಟಿಲೀನ್ ಹುಟ್ಟುತ್ತದೆ. ಎಣ್ಣೆ ವಿಪರೀತ ಕಾಯುತ್ತಿದ್ದರೆ ಎಥಿಲೀನ್ ಮುಂದಾಗುತ್ತದೆ. ಸಣ್ಣ ಪಾರ್ಷಿಯಲ್ ಡಿಸ್ಚಾರ್ಜ್ ಇದ್ದರೆ ಹೈಡ್ರೋಜನ್. ಕಾಗದದ ಇನ್ಸುಲೇಷನ್ ಸುಡುತ್ತಿದ್ದರೆ ಕಾರ್ಬನ್ ಮಾನಾಕ್ಸೈಡ್ ಮತ್ತು ಕಾರ್ಬನ್ ಡೈಆಕ್ಸೈಡ್. ಸ್ಯಾಂಪಲ್ ಗಾಜಿನ ಸಿರಿಂಜ್‌ನಲ್ಲೇ ಇರಲಿ, ಗಾಳಿಗುಳ್ಳೆ ಬೇಡ, ಬಿಸಿಲಿಗೆ ಇಡಬೇಡಿ. ಅಸಿಟಿಲೀನ್ ಕಂಡ ಕೂಡಲೇ ಗಾಬರಿ ಬೇಡ, ಆದರೆ ನಿರ್ಲಕ್ಷ್ಯವೂ ಬೇಡ. ಟ್ಯಾಪ್ ಚೇಂಜರ್ (ವೈಂಡಿಂಗ್ ಸುತ್ತುಗಳ ಸಂಖ್ಯೆ ಬದಲಿಸಿ ವೋಲ್ಟೇಜ್ ಹೊಂದಿಸುವ ಭಾಗ) ಪೆಟ್ಟಿಗೆಯ ಎಣ್ಣೆ ಮುಖ್ಯ ಟ್ಯಾಂಕ್‌ಗೆ ಸೋರುತ್ತಿದ್ದರೂ ಅಸಿಟಿಲೀನ್ ಕಾಣಿಸುತ್ತದೆ. ಇನ್ನೊಂದು ಸ್ಯಾಂಪಲ್ ಬೇಗ ತೆಗೆದು, ಅನಿಲ ಏರುವ ವೇಗ ನೋಡಿ.

*ಇನ್ಸುಲೇಷನ್ ರೆಸಿಸ್ಟೆನ್ಸ್.* ಬುಶಿಂಗ್‌ಗಳ (ವೈಂಡಿಂಗ್ ತುದಿಯನ್ನು ಟ್ಯಾಂಕ್‌ನಿಂದ ಹೊರತರುವ ಇನ್ಸುಲೇಟರ್‌ಗಳ) ಲೀಡ್ ಬಿಚ್ಚಿ, ಪಿಂಗಾಣಿ ಒರೆಸಿ. ಹೈ ವೋಲ್ಟೇಜ್ (ಎಚ್‌ವಿ) ವೈಂಡಿಂಗ್‌ನ ಎಲ್ಲ ತುದಿಗಳನ್ನೂ ಒಟ್ಟಿಗೆ ಶಾರ್ಟ್ ಮಾಡಿ, ಲೋ ವೋಲ್ಟೇಜ್ (ಎಲ್‌ವಿ) ವೈಂಡಿಂಗನ್ನೂ ಹಾಗೇ ಮಾಡಿ. ನ್ಯೂಟ್ರಲ್‌ನ ಅರ್ಥ್ ಬಿಚ್ಚಿದ್ದೀರಾ ನೋಡಿ. ಅದನ್ನು ಮರೆತು ಸೊನ್ನೆ ಓಮ್ ನೋಡಿ ಬೆಚ್ಚಿಬೀಳುವವರು ಪ್ರತಿ ಔಟೇಜ್‌ಗೂ ಸಿಗುತ್ತಾರೆ. ಎಚ್‌ವಿಯಿಂದ ಅರ್ಥ್‌ಗೆ, ಎಲ್‌ವಿಯಿಂದ ಅರ್ಥ್‌ಗೆ, ಎಚ್‌ವಿಯಿಂದ ಎಲ್‌ವಿಗೆ ಅಳೆಯಿರಿ. ವೋಲ್ಟೇಜ್ ವೈಂಡಿಂಗ್‌ಗೆ ತಕ್ಕದ್ದಿರಲಿ, 5 ಕಿಲೊವೋಲ್ಟ್ ಎಲ್ಲದಕ್ಕೂ ಅಲ್ಲ. 1 ನಿಮಿಷ ಮತ್ತು 10 ನಿಮಿಷದ ರೀಡಿಂಗ್ ಬರೆಯಿರಿ. ಹತ್ತನೇ ನಿಮಿಷದ್ದನ್ನು ಒಂದನೇ ನಿಮಿಷದ್ದರಿಂದ ಭಾಗಿಸಿದರೆ ಬರುವುದೇ ಪೋಲರೈಸೇಷನ್ ಇಂಡೆಕ್ಸ್. ಅದು 1ಕ್ಕಿಂತ ಕೆಳಗಿದ್ದರೆ ಅಪಾಯ, 1.5ರ ಮೇಲಿದ್ದರೆ ಸಾಮಾನ್ಯವಾಗಿ ನೆಮ್ಮದಿ.

ಉಷ್ಣಾಂಶ 10 ಡಿಗ್ರಿ ಏರಿದರೆ ಇನ್ಸುಲೇಷನ್ ರೆಸಿಸ್ಟೆನ್ಸ್ ಹೆಚ್ಚುಕಡಿಮೆ ಅರ್ಧವಾಗುತ್ತದೆ. 30 ಡಿಗ್ರಿಯಲ್ಲಿ 1000 ಮೆಗಾಓಮ್, 40 ಡಿಗ್ರಿಯಲ್ಲಿ 500 ಮೆಗಾಓಮ್ ಎರಡೂ ಒಂದೇ ಆರೋಗ್ಯ. ಎಣ್ಣೆಯ ಉಷ್ಣಾಂಶ ಬರೆಯದ ಮೆಗ್ಗರ್ ರಿಪೋರ್ಟ್ ಮುಂದಿನ ವರ್ಷ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಟೆಸ್ಟ್ ಮುಗಿದ ಮೇಲೆ ವೈಂಡಿಂಗನ್ನು ಚಾರ್ಜ್ ಮಾಡಿದ್ದಕ್ಕಿಂತ ಹಲವು ಪಟ್ಟು ಹೊತ್ತು ಅರ್ಥ್ ಮಾಡಿ ಇಡಿ, ಆಮೇಲೆ ಮುಟ್ಟಿ.

*ಟ್ಯಾನ್ ಡೆಲ್ಟಾ.* ಇನ್ಸುಲೇಷನ್‌ನಲ್ಲಿ ಎಷ್ಟು ಶಕ್ತಿ ಬಿಸಿಯಾಗಿ ಪೋಲಾಗುತ್ತದೆ ಎಂಬುದರ ಅಳತೆ ಇದು. ಬುಶಿಂಗ್‌ಗಳಿಗೆ ಇದನ್ನು ತಪ್ಪದೆ ಮಾಡಿ. ನೇಮ್‌ಪ್ಲೇಟ್ ಮೇಲೆ ಮೂಲ ಟ್ಯಾನ್ ಡೆಲ್ಟಾ ಮತ್ತು ಕೆಪಾಸಿಟೆನ್ಸ್ ಎರಡೂ ಇರುತ್ತವೆ. ಟ್ಯಾನ್ ಡೆಲ್ಟಾ ದುಪ್ಪಟ್ಟಾಗಿದ್ದರೆ ಒಳಗೆ ತೇವ ಅಥವಾ ಕೊಳೆಯುವಿಕೆ ಇದೆ. ಕೆಪಾಸಿಟೆನ್ಸ್ ಏರಿದ್ದರೆ ಒಳಗಿನ ಪದರಗಳು ಶಾರ್ಟ್ ಆಗುತ್ತಿವೆ. ಎರಡನೆಯದು ಹೆಚ್ಚು ತುರ್ತು.

ಇಲ್ಲೊಂದು ಎಚ್ಚರಿಕೆ, ದಯವಿಟ್ಟು ಎರಡು ಸಲ ಓದಿ. ಈ ಟೆಸ್ಟ್‌ಗಾಗಿ ಬುಶಿಂಗ್‌ನ ಬುಡದಲ್ಲಿರುವ ಟೆಸ್ಟ್ ಟ್ಯಾಪ್‌ನ ಮುಚ್ಚಳ ಬಿಚ್ಚುತ್ತೀರಿ. ಸಾಮಾನ್ಯವಾಗಿ ಆ ಮುಚ್ಚಳವೇ ಟ್ಯಾಪನ್ನು ನೆಲಕ್ಕೆ ಜೋಡಿಸುವುದು. ಅದನ್ನು ವಾಪಸ್ ಹಾಕಲು ಮರೆತರೆ, ಅಥವಾ ಹಾಕಿದರೂ ಒಳಗಿನ ಸ್ಪ್ರಿಂಗ್ ತಾಗದಿದ್ದರೆ, ಚಾರ್ಜ್ ಮಾಡಿದಾಗ ಟ್ಯಾಪ್‌ನಲ್ಲಿ ಸಾವಿರಾರು ವೋಲ್ಟ್ ಏರಿ ಬುಶಿಂಗೇ ಸಿಡಿಯಬಹುದು. ಬುಶಿಂಗ್ ಸಿಡಿದರೆ ಎಣ್ಣೆಗೆ ಬೆಂಕಿ. ಮುಚ್ಚಳ ಬಿಚ್ಚಿದವರೇ ವಾಪಸ್ ಹಾಕಲಿ, ಇನ್ನೊಬ್ಬರು ಕೈಯಿಂದ ತಿರುಗಿಸಿ ನೋಡಲಿ, ಇಬ್ಬರೂ ಸಹಿ ಹಾಕಲಿ.

*ರೇಶಿಯೋ ಮತ್ತು ವೈಂಡಿಂಗ್ ರೆಸಿಸ್ಟೆನ್ಸ್.* ರೇಶಿಯೋವನ್ನು ಎಲ್ಲ ಟ್ಯಾಪ್‌ಗಳಲ್ಲೂ ಅಳೆಯಿರಿ. ನೇಮ್‌ಪ್ಲೇಟ್‌ಗಿಂತ 0.5 ಶೇಕಡಾ ಒಳಗೇ ಇರಬೇಕು. ವೈಂಡಿಂಗ್ ರೆಸಿಸ್ಟೆನ್ಸ್‌ನಲ್ಲಿ ಒಂದೇ ಒಂದು ಟ್ಯಾಪ್‌ನಲ್ಲಿ ಮಾತ್ರ ಏರಿಳಿತ ಕಂಡರೆ ಟ್ಯಾಪ್ ಚೇಂಜರ್ ಕಾಂಟ್ಯಾಕ್ಟ್ ಮೇಲೆ ಅನುಮಾನ ಪಡಿ. ಎಲ್ಲ ಟ್ಯಾಪ್‌ಗಳಲ್ಲೂ ಒಂದು ಫೇಸ್ ಜಾಸ್ತಿ ಇದ್ದರೆ ಬುಶಿಂಗ್ ಒಳಗಿನ ಜಾಯಿಂಟ್ ನೋಡಿ. ಫೇಸ್‌ಗಳ ನಡುವೆ 2 ಶೇಕಡಾಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಕಾರಣ ಹುಡುಕದೆ ಬಿಡಬೇಡಿ. ತಾಮ್ರದ ವೈಂಡಿಂಗ್ ರೀಡಿಂಗನ್ನು 75 ಡಿಗ್ರಿಗೆ ತರಲು ಅದನ್ನು 310ರಿಂದ ಗುಣಿಸಿ, 235ಕ್ಕೆ ವೈಂಡಿಂಗ್ ಉಷ್ಣಾಂಶ ಕೂಡಿಸಿದ ಮೊತ್ತದಿಂದ ಭಾಗಿಸಿ. ಕರೆಂಟ್ ಹರಿಯುತ್ತಿರುವಾಗ ಲೀಡ್ ಕಿತ್ತರೆ ವೈಂಡಿಂಗ್‌ನಲ್ಲಿ ಕೂಡಿಟ್ಟ ಶಕ್ತಿ ನಿಮ್ಮ ಕೈಗೆ ಬರುತ್ತದೆ. ಮೀಟರ್ 'ಡಿಸ್ಚಾರ್ಜ್ ಆಯಿತು' ಎಂದು ತೋರಿಸುವವರೆಗೆ ತಾಳ್ಮೆ ಇರಲಿ. ಕೊನೆಗೆ ಕೋರ್ ಡಿಮ್ಯಾಗ್ನೆಟೈಸ್ ಮಾಡಿ.

ಹಂತ 5: ಬ್ರೇಕರ್

ಬ್ರೇಕರ್ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕದಲದೆ ನಿಂತಿರುತ್ತದೆ. ಒಳಗಿನ ಗ್ರೀಸ್ ಗಟ್ಟಿಯಾಗಿ ಮೊದಲ ಟ್ರಿಪ್ ನಿಧಾನವಾಗುತ್ತದೆ. ಎರಡನೇ ಟ್ರಿಪ್ ಹೊತ್ತಿಗೆ ಎಲ್ಲ ಸಡಿಲವಾಗಿ ಟೈಮಿಂಗ್ ಸರಿಯಾಗಿಬಿಡುತ್ತದೆ. ನಾವು ಸಾಮಾನ್ಯವಾಗಿ ಅನಲೈಸರ್ ಕಟ್ಟುವುದು ನಾಲ್ಕೈದು ಸಲ ಆಪರೇಟ್ ಮಾಡಿದ ಮೇಲೆ, ಅಲ್ವಾ? ಫಾಲ್ಟ್ ಬಂದಾಗ ಲೆಕ್ಕಕ್ಕೆ ಬರುವುದು ಆ ಮೊದಲ ಟ್ರಿಪ್. ಅದಕ್ಕೇ ಔಟೇಜ್‌ಗೆಂದು ತೆರೆಯುವಾಗಲೇ ಕಾಯಿಲ್ ಕರೆಂಟ್ ದಾಖಲಿಸಿ ಅಂದದ್ದು. ಮೊದಲ ಗ್ರಾಫ್ ಎರಡನೆಯದಕ್ಕಿಂತ ಉದ್ದವಾಗಿದ್ದರೆ ಲ್ಯಾಚ್ ಬಿಗಿಯಾಗಿದೆ, ಗ್ರೀಸ್ ಕೆಲಸ ಬಾಕಿ ಇದೆ.

ಮೆಕ್ಯಾನಿಸಂ ಒಳಗೆ ಕೈಹಾಕುವ ಮುಂಚೆ ಡಿಸಿ ಮತ್ತು ಮೋಟರ್ ಸಪ್ಲೈ ತೆಗೆದು, ಸ್ಪ್ರಿಂಗ್ ಡಿಸ್ಚಾರ್ಜ್ ಮಾಡಿ. ಚಾರ್ಜ್ ಆದ ಸ್ಪ್ರಿಂಗ್ ಬೆರಳು ಕತ್ತರಿಸಬಲ್ಲದು.

ಟೈಮಿಂಗ್ ನೋಡುವಾಗ ಮೂರು ಪೋಲ್‌ಗಳು (ಒಂದೊಂದು ಫೇಸ್‌ನ ಕಾಂಟ್ಯಾಕ್ಟ್ ಭಾಗಗಳು) ಜೊತೆಗೇ ಚಲಿಸುತ್ತವೆಯಾ ನೋಡಿ. 50 ಹರ್ಟ್ಸ್ ವ್ಯವಸ್ಥೆಯಲ್ಲಿ ತೆರೆಯುವಾಗ ಪೋಲ್‌ಗಳ ನಡುವಿನ ವ್ಯತ್ಯಾಸ 3.3 ಮಿಲಿಸೆಕೆಂಡ್, ಮುಚ್ಚುವಾಗ 5 ಮಿಲಿಸೆಕೆಂಡ್ ಮೀರಬಾರದು. ಟ್ರಿಪ್ ಕಾಯಿಲ್ ಸಾಮಾನ್ಯ ಡಿಸಿ ವೋಲ್ಟೇಜ್‌ನ 70 ಶೇಕಡಾದಲ್ಲೂ ಕೆಲಸ ಮಾಡಬೇಕು, ಕ್ಲೋಸ್ ಕಾಯಿಲ್ 85ರಲ್ಲಿ. ಎರಡು ಟ್ರಿಪ್ ಕಾಯಿಲ್ ಇದ್ದರೆ ಎರಡನ್ನೂ ಬೇರೆ ಬೇರೆ ಪರೀಕ್ಷಿಸಿ.

ಕಾಂಟ್ಯಾಕ್ಟ್ ರೆಸಿಸ್ಟೆನ್ಸ್ ಮೈಕ್ರೊಓಮ್‌ಗಳಲ್ಲಿರುತ್ತದೆ. ಮಲ್ಟಿಮೀಟರ್‌ನಿಂದ ಅದು ಸಿಗುವುದಿಲ್ಲ, 100 ಆಂಪಿಯರ್ ಡಿಸಿ ಬೇಕು. ಕಾರ್ಖಾನೆಯ ಅಂಕಿಗಿಂತ 20 ಶೇಕಡಾ ಏರಿದ್ದರೆ ಕಾಂಟ್ಯಾಕ್ಟ್ ಸವೆತದ ಕಡೆ ಗಮನ ಕೊಡಿ.

ಎಸ್‌ಎಫ್6 ಬ್ರೇಕರ್‌ನಲ್ಲಿ ಅನಿಲದ ತೇವ, ಶುದ್ಧತೆ, ಸೋರಿಕೆ ನೋಡಬೇಕು. ಆ ಅನಿಲವನ್ನು ಗಾಳಿಗೆ ಬಿಡಬೇಡಿ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ 20,000 ಪಟ್ಟಿಗೂ ಮೇಲೆ. ಆರ್ಕ್ ಆದ ನಂತರ ಒಳಗೆ ಉಳಿಯುವ ಬಿಳಿ ಪುಡಿ ವಿಷಕಾರಿ, ಅದನ್ನು ಬರಿಗೈಯಲ್ಲಿ ಮುಟ್ಟಬಾರದು. ವ್ಯಾಕ್ಯೂಮ್ ಬ್ರೇಕರ್ ಆದರೆ ತೆರೆದ ಕಾಂಟ್ಯಾಕ್ಟ್‌ಗಳ ನಡುವೆ ಹೈ ವೋಲ್ಟೇಜ್ ಹಾಕಿ ನಿರ್ವಾತ ಉಳಿದಿದೆಯಾ ನೋಡುತ್ತಾರೆ. ಮಿತಿ ಮೀರಿದ ವೋಲ್ಟೇಜ್‌ನಲ್ಲಿ ಕಾಂಟ್ಯಾಕ್ಟ್‌ಗಳಿರುವ ನಿರ್ವಾತ ಬಾಟಲಿಯಿಂದ ಎಕ್ಸ್-ರೇ ಬರಬಹುದು, ಕೈಪಿಡಿ ಹೇಳಿದಷ್ಟು ದೂರ ನಿಲ್ಲಿ.

ಹಂತ 6: ಸಿಟಿ, ಪಿಟಿ, ಅರೆಸ್ಟರ್

ಇವುಗಳನ್ನು ಚುಟುಕಾಗಿ ಹೇಳುತ್ತೇನೆ. ಸಿಟಿ ಅಂದರೆ ಅಳತೆಗಾಗಿ ಕರೆಂಟ್ ಇಳಿಸುವ ಟ್ರಾನ್ಸ್‌ಫಾರ್ಮರ್. ಲೋಡ್ ಇರುವಾಗ ಅದರ ಸೆಕೆಂಡರಿ ಎಂದೂ ತೆರೆದಿರಬಾರದು, ತೆರೆದರೆ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಪಿಟಿಗೆ ಇದರ ಉಲ್ಟಾ, ಅದರ ಸೆಕೆಂಡರಿ ಶಾರ್ಟ್ ಆಗಬಾರದು. ಸಿಟಿಗೆ ರೇಶಿಯೋ, ಪೋಲಾರಿಟಿ, ನೀ ಪಾಯಿಂಟ್ ನೋಡಿ. ನೀ ಪಾಯಿಂಟ್ ಅಂದರೆ ವೋಲ್ಟೇಜ್ 10 ಶೇಕಡಾ ಏರಿಸಿದಾಗ ಮ್ಯಾಗ್ನೆಟೈಸಿಂಗ್ ಕರೆಂಟ್ 50 ಶೇಕಡಾ ಏರುವ ಬಿಂದು. ಸೆಕೆಂಡರಿ ಸರ್ಕ್ಯೂಟ್‌ಗೆ ಒಂದೇ ಕಡೆ ಅರ್ಥ್ ಇರಬೇಕು. ಎರಡು ಕಡೆ ಇದ್ದರೆ ಫಾಲ್ಟ್ ಆದಾಗ ರಿಲೇ ದಾರಿತಪ್ಪುತ್ತದೆ.

ಅರೆಸ್ಟರ್‌ನ ಲೀಕೇಜ್ ಕರೆಂಟನ್ನು ಚಾಲೂ ಇರುವಾಗಲೇ ಅಳೆಯಬಹುದು. ಒಟ್ಟು ಕರೆಂಟ್ ಅಲ್ಲ, ರೆಸಿಸ್ಟಿವ್ ಭಾಗ ಏರುತ್ತಿದೆಯಾ ನೋಡಿ. ಝಿಂಕ್ ಆಕ್ಸೈಡ್ ಬಿಲ್ಲೆಗಳು ಹಳತಾಗುವುದು ಅಲ್ಲಿ ಕಾಣುತ್ತದೆ. ಚಾಲೂ ಇರುವಾಗ ಅದರ ಅರ್ಥ್ ತಂತಿಯನ್ನು ಎಂದಿಗೂ ಬಿಚ್ಚಬೇಡಿ.

ಹಂತ 7: ರಿಲೇ

ಟೆಸ್ಟ್ ಕಿಟ್‌ನಿಂದ ಸೆಕೆಂಡರಿಯಲ್ಲಿ ಕರೆಂಟ್, ವೋಲ್ಟೇಜ್ ಕೊಟ್ಟು ಪಿಕಪ್ (ರಿಲೇ ಕೆಲಸ ಶುರು ಮಾಡುವ ಅಂಕಿ) ಮತ್ತು ಸಮಯ ನೋಡುವುದು ಎಲ್ಲರೂ ಮಾಡುವ ಕೆಲಸ. ಅದಕ್ಕೂ ಮೊದಲು ಬ್ರೇಕರ್ ಫೇಲ್ಯೂರ್ ಮತ್ತು ಬಸ್‌ಬಾರ್ ರಕ್ಷಣೆಯ (ಇವು ಪಕ್ಕದ ಬೇಗಳ ಬ್ರೇಕರ್‌ಗಳನ್ನೂ ಟ್ರಿಪ್ ಮಾಡುತ್ತವೆ) ಲಿಂಕ್‌ಗಳನ್ನು ತೆಗೆದಿದ್ದೀರಾ? ಇಲ್ಲದಿದ್ದರೆ ಒಂದು ಬೇ ಟೆಸ್ಟ್ ಮಾಡಲು ಹೋಗಿ ಇಡೀ ಸ್ಟೇಷನ್ ಕತ್ತಲಾಗುತ್ತದೆ. ತೆಗೆದ ಪ್ರತಿ ಲಿಂಕನ್ನೂ ಹಾಳೆಯಲ್ಲಿ ಬರೆಯಿರಿ.

ರಿಲೇ ಡಿಸ್‌ಪ್ಲೇಯಲ್ಲಿ 'ಟ್ರಿಪ್' ಬಂದರೆ ಟೆಸ್ಟ್ ಮುಗಿಯಲಿಲ್ಲ. ಒಂದು ಸಲವಾದರೂ ರಿಲೇಯಿಂದಲೇ ನಿಜವಾದ ಬ್ರೇಕರ್ ಟ್ರಿಪ್ ಆಗಬೇಕು. ನಡುವಿನ ತಂತಿ, ಲಾಕೌಟ್ ರಿಲೇ, ಟರ್ಮಿನಲ್ ಸ್ಕ್ರೂ, ಎಲ್ಲದರ ಪರೀಕ್ಷೆ ಆಗುವುದು ಆಗಲೇ. ಟೆಸ್ಟ್‌ಗಾಗಿ ಸೆಟ್ಟಿಂಗ್ ಬದಲಿಸಿದ್ದರೆ ವಾಪಸ್ ಹಾಕಿ, ರಿಲೇಯಿಂದ ಫೈಲ್ ತೆಗೆದು ಒಪ್ಪಿಗೆಯ ಸೆಟ್ಟಿಂಗ್ ಹಾಳೆಯ ಜೊತೆ ಸಾಲುಸಾಲಾಗಿ ಹೋಲಿಸಿ.

ಹಂತ 8: ಅರ್ಥ್ ಗ್ರಿಡ್

ದೊಡ್ಡ ಸ್ಟೇಷನ್‌ಗಳಲ್ಲಿ ಗ್ರಿಡ್ ರೆಸಿಸ್ಟೆನ್ಸ್ 1 ಓಮ್ ಅಥವಾ ಕಡಿಮೆ, ಸಣ್ಣ ವಿತರಣಾ ಸ್ಟೇಷನ್‌ಗಳಲ್ಲಿ 1ರಿಂದ 5 ಓಮ್ ಸಾಮಾನ್ಯವಾಗಿ ಒಪ್ಪುವಂಥದ್ದು. ಅಳೆಯುವಾಗ ಕರೆಂಟ್ ಗೂಟವನ್ನು ಗ್ರಿಡ್‌ನಿಂದ ಬಹಳ ದೂರ ನೆಡಬೇಕು, ಗ್ರಿಡ್‌ನ ಕರ್ಣದ ಐದು ಪಟ್ಟಾದರೆ ಒಳ್ಳೆಯದು. ವೋಲ್ಟೇಜ್ ಗೂಟ ಆ ದೂರದ 62 ಶೇಕಡಾದಲ್ಲಿ. ಅದನ್ನು 52 ಮತ್ತು 72ಕ್ಕೆ ಸರಿಸಿ ನೋಡಿ. ಮೂರೂ ಹತ್ತಿರ ಹತ್ತಿರ ಇದ್ದರೆ ರೀಡಿಂಗ್ ನಂಬಬಹುದು. ಗುಡುಗು ಮಿಂಚು ಇರುವಾಗ ಈ ಟೆಸ್ಟ್ ಬೇಡವೇ ಬೇಡ.

ಗ್ರಿಡ್ ಒಳ್ಳೆಯದಿದ್ದೂ ಉಪಕರಣದಿಂದ ಗ್ರಿಡ್‌ಗೆ ಇಳಿಯುವ ಪಟ್ಟಿ ಮಣ್ಣೊಳಗೆ ತುಕ್ಕು ಹಿಡಿದು ತುಂಡಾಗಿದ್ದರೆ ಏನು ಬಂತು? ಪ್ರತಿ ಪಟ್ಟಿಯ ಜೋಡಣೆಯನ್ನೂ ಬೇರೆಯಾಗಿ ಪರೀಕ್ಷಿಸಿ. ಯಾರ್ಡ್‌ನ ಜಲ್ಲಿಯನ್ನೂ ನೋಡಿ. ಫಾಲ್ಟ್ ಆದಾಗ ನೆಲದ ಮೇಲೆ ನಿಂತವರ ಎರಡು ಪಾದಗಳ ನಡುವೆಯೇ ವೋಲ್ಟೇಜ್ ಏಳುತ್ತದೆ. ಒದ್ದೆಯಾದರೂ ಕರೆಂಟನ್ನು ಸುಲಭವಾಗಿ ಬಿಡದ ಜಲ್ಲಿಯ ಪದರ ಅವರನ್ನು ಕಾಯುತ್ತದೆ. ಸಾಮಾನ್ಯವಾಗಿ ಅದು 8ರಿಂದ 15 ಸೆಂಟಿಮೀಟರ್ ದಪ್ಪ ಇರಬೇಕು. ಮಣ್ಣು ತುಂಬಿ ಹುಲ್ಲು ಬೆಳೆದ ಜಲ್ಲಿ ಆ ಕೆಲಸ ಮಾಡುವುದಿಲ್ಲ.

ಹಂತ 9: ವಾಪಸ್ ಚಾರ್ಜ್ ಮಾಡುವುದು

ಸಂಜೆಯಾಗಿದೆ, ಎಲ್ಲರಿಗೂ ಸುಸ್ತು, ಕಂಟ್ರೋಲ್ ರೂಂನಿಂದ ಫೋನ್ ಮೇಲೆ ಫೋನ್. ತಪ್ಪುಗಳು ಆಗುವುದು ಈ ಹೊತ್ತಿನಲ್ಲೇ. ನೆನಪಿನಿಂದ ಮಾಡಬೇಡಿ, ಹಾಳೆ ಹಿಡಿದು ಒಂದೊಂದೇ ಟಿಕ್ ಹಾಕಿ: ಬುಶಿಂಗ್ ಟ್ಯಾಪ್ ಮುಚ್ಚಳ, ನ್ಯೂಟ್ರಲ್ ಅರ್ಥ್, ಸಿಟಿ ಲಿಂಕ್, ಪಿಟಿ ಫ್ಯೂಸ್, ರಿಲೇ ಟ್ರಿಪ್ ಲಿಂಕ್, ರೇಡಿಯೇಟರ್ ಮತ್ತು ಬುಖೋಲ್ಝ್ ವಾಲ್ವ್‌ಗಳು, ಟ್ಯಾಪ್ ಸ್ಥಾನ. ಬುಖೋಲ್ಝ್ ಅಂದರೆ ಟ್ಯಾಂಕ್ ಮತ್ತು ಅದರ ಮೇಲಿನ ಸಣ್ಣ ಎಣ್ಣೆ ಟ್ಯಾಂಕ್ ಆದ ಕನ್ಸರ್ವೇಟರ್ ನಡುವೆ ಕೂತು ಅನಿಲ ಸೇರಿದರೆ ಎಚ್ಚರಿಸುವ ರಿಲೇ. ಬಿಚ್ಚಿದ ಪ್ರತಿ ಕ್ಲ್ಯಾಂಪನ್ನೂ ಟಾರ್ಕ್ ರೆಂಚ್‌ನಿಂದ ಬಿಗಿಯಿರಿ. ಉಪಕರಣಗಳನ್ನು ಎಣಿಸಿ. ಅರ್ಥಿಂಗ್ ಲೀಡ್‌ಗಳನ್ನು ಹಾಕುವಾಗ ಎಷ್ಟು ಬರೆದಿದ್ದಿರೋ ಅಷ್ಟೇ ವಾಪಸ್ ಬಂದಿವೆಯಾ ಎಣಿಸಿ. ತಂಡದ ಎಲ್ಲರೂ ಹೊರಗೆ ಬಂದ ಮೇಲೆ, ಲೈನ್ ಕ್ಲಿಯರ್ ಪಡೆದವರೇ ಸಹಿ ಮಾಡಿ ಅದನ್ನು ಹಿಂದಿರುಗಿಸಲಿ.

ಟ್ರಾನ್ಸ್‌ಫಾರ್ಮರನ್ನು ಮೊದಲು ಲೋಡ್ ಇಲ್ಲದೆ ಚಾರ್ಜ್ ಮಾಡಿ, ಸ್ವಲ್ಪ ಹೊತ್ತು ಸದ್ದು ಕೇಳಿ. ಒಂದೇ ಸಮನಾದ ಗುಂಯ್ ಸದ್ದು ಸರಿ. ಚಟಪಟ ಅನ್ನುತ್ತಿದ್ದರೆ ಆಫ್ ಮಾಡಿ ನೋಡಿ. ಲೋಡ್ ಕೊಟ್ಟ ಮೇಲೆ ಮೂರು ಫೇಸ್ ಕರೆಂಟ್, ರಿಲೇಯಲ್ಲಿ ಕಾಣುವ ಡಿಫರೆನ್ಷಿಯಲ್ ಕರೆಂಟ್ (ಟ್ರಾನ್ಸ್‌ಫಾರ್ಮರ್‌ನ ಎರಡು ಬದಿಯ ಕರೆಂಟ್‌ಗಳ ನಡುವಿನ ವ್ಯತ್ಯಾಸ) ಬರೆಯಿರಿ. ಸಿಟಿ ಲಿಂಕ್ ತಪ್ಪಿದ್ದರೆ ಇಲ್ಲಿಯೇ ಸಿಕ್ಕಿಬೀಳುತ್ತದೆ. ಒಳ್ಳೆಯ ಲೋಡ್ ಬಂದ ದಿನ, ಬಿಚ್ಚಿ ಕಟ್ಟಿದ ಜಾಯಿಂಟ್‌ಗಳ ಮೇಲೆ ಮತ್ತೊಮ್ಮೆ ಥರ್ಮಲ್ ಕ್ಯಾಮೆರಾ ಹಿಡಿಯಿರಿ.

ರಿಪೋರ್ಟ್ ಅದೇ ದಿನ ಬರೆಯಿರಿ. ಪ್ರತಿ ರೀಡಿಂಗ್ ಪಕ್ಕ ಎಣ್ಣೆಯ ಉಷ್ಣಾಂಶ, ಹವೆಯ ತೇವ, ಟ್ಯಾಪ್ ಸ್ಥಾನ, ಯಾವ ಮೀಟರ್, ಹೇಗೆ ಜೋಡಿಸಿದ್ದು ಎಲ್ಲವೂ ಇರಲಿ. ಹೋದ ಸಲದ ಅಂಕಿಗೆ ಒಂದು ಕಾಲಂ ಬಿಡಿ, ಅದನ್ನು ಕೈಯಿಂದಲೇ ತುಂಬಿ. ತುಂಬುವಾಗ ಯಾವುದಾದರೂ ಸಾಲಿನಲ್ಲಿ ಕೈ ತಡೆದರೆ, ಆ ಉಪಕರಣದ ಮುಂದಿನ ಟೆಸ್ಟ್ ತಾರೀಕನ್ನು ವರ್ಷದಿಂದ ಮೂರು ತಿಂಗಳಿಗೆ ಇಳಿಸಿ.